ತಿಳಿಸುತ್ತೇವೆ

ಸಂದರ್ಶನದ ಕೋಣೆಯಲ್ಲಿ ಕಟ್ಟಕಡೆಗೆ ಕೇಳಿಬರುವ ಮಾತು, ಹುದ್ದೆ ಯಾವುದೇ ಇರಲಿ, ಸಂಸ್ಥೆ ಎಂಥದೇ ಇರಲಿ, ಬಹುಮಟ್ಟಿಗೆ ಒಂದೇ: ‘ಆಗಲಿ, ತಿಳಿಸುತ್ತೇವೆ.’ ಹೇಳಿದವರು ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಗೂಡಿಸಿ ಮುಂದಿನ ಹೆಸರಿನತ್ತ ಕಣ್ಣು ಹಾಯಿಸುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕೇಳಿಸಿಕೊಂಡವನಾದರೋ ಆ ಒಂದು ಕ್ರಿಯಾಪದವನ್ನು ಜೋಪಾನವಾಗಿ ಮನೆಗೆ ಕೊಂಡೊಯ್ದು, ಅದನ್ನು ಹೇಳುವಾಗ ಅವರು ನಕ್ಕರೋ ಇಲ್ಲವೋ, ‘ಆಗಲಿ’ ಎಂಬುದರ ಮೇಲೆ ಒತ್ತು ಬಿದ್ದಿತ್ತೋ ಇಲ್ಲವೋ ಎಂದು ವ್ಯಾಖ್ಯಾನಕಾರನ ಶ್ರದ್ಧೆಯಿಂದ ವಿವೇಚಿಸತೊಡಗುತ್ತಾನೆ.

ಮೂಲದಲ್ಲಿ ಇದು ಕನ್ನಡದ ಅತ್ಯಂತ ನಿರ್ಮಲವಾದ ಪದಗಳಲ್ಲೊಂದು. ತಿಳಿನೀರು, ತಿಳಿಗೊಳ, ತಿಳಿಸಾರು, ತಿಳಿಗನ್ನಡ ಎಂದು ಹೋದೆಡೆಯೆಲ್ಲ ಪ್ರಸನ್ನತೆಯನ್ನೇ ಹೊತ್ತು ತಿರುಗುವ ಶಬ್ದವಿದು. ಬಗ್ಗಡವೆಲ್ಲ ತಳಕ್ಕಿಳಿದು ಮೇಲೆ ನಿಂತ ನೀರನ್ನು ತಿಳಿ ಎಂದ ನಮ್ಮ ಜನ, ಸಂಶಯ ಅಡಗಿ ಮನಸ್ಸು ನಿಚ್ಚಳವಾದ ಸ್ಥಿತಿಯನ್ನೂ ತಿಳಿವು ಎಂದೇ ಕರೆದರು. ಜಗಳ ಆರಿದರೆ ವಾತಾವರಣ ತಿಳಿಯಾಗುತ್ತದೆ. ಹಾದಿ ತಪ್ಪಿದ ಹುಡುಗನಿಗೆ ಹಿರಿಯರು ತಿಳಿಯಹೇಳುತ್ತಾರೆ. ಇಂಥ ಧಾತುವಿಗೆ ಪ್ರೇರಣಾರ್ಥಕವಾದ ‘ಇಸು’ ಹತ್ತಿದಾಗ ಹುಟ್ಟುವುದು ‘ತಿಳಿಸು’, ಎಂದರೆ ಅನ್ಯರ ಮನಸ್ಸಿನ ಕದಡನ್ನು ಇಳಿಸು ಎಂದಾಗಬೇಕು. ಸಂದರ್ಶಕರ ಬಾಯಲ್ಲಿ ಮಾತ್ರ ಅದು ಅಷ್ಟು ಹೊತ್ತು ತಿಳಿಯಾಗಿದ್ದ ಮನಸ್ಸನ್ನು ಕದಡುವ ಕೆಲಸಕ್ಕೆ ಒದಗುತ್ತಿದೆ.

ಈ ವಿಪರ್ಯಾಸಕ್ಕೆ ದೀರ್ಘವಾದ ವಂಶಾವಳಿಯೂ ಉಂಟು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತುಗಳನ್ನು ಪೂರೈಸಿ, ಹುಡುಗಿಯ ಕೈಲಿ ಒಂದು ಹಾಡನ್ನೂ ಹೇಳಿಸಿ, ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದುಬಿಟ್ಟರೆ, ಬೀದಿಯ ತಿರುವಿನವರೆಗೆ ಅವರನ್ನು ಕಳುಹಿಸಿ ಬಂದ ತಂದೆ ಅಂದಿನಿಂದ ಅಂಚೆಯವನ ಬರವನ್ನು ಕಾಯಬೇಕಾಗುತ್ತಿತ್ತು. ಕಾಗದ ಬಂದರೆ ಒಪ್ಪಿಗೆ. ಬಾರದಿದ್ದರೆ ಬಾರದಿರುವುದೇ ಉತ್ತರ. ಮುಖಕ್ಕೆ ಮುಖ ಕೊಟ್ಟು ‘ಒಲ್ಲೆವು’ ಎನ್ನಲಾರದ ದಾಕ್ಷಿಣ್ಯವಾದರೂ ಅಲ್ಲಿತ್ತು. ಇಂದಿನ ಎಚ್‌.ಆರ್‌. ವಿಭಾಗಗಳಲ್ಲಿ ಆ ದಾಕ್ಷಿಣ್ಯ ಸವೆದುಹೋಗಿ, ಅದರ ಮಾತು ಮಾತ್ರ ಉಳಿದುಕೊಂಡಿದೆ.

ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಶ್ಚಯವಾಗಿ ನಡೆಯುವುದನ್ನು ಹೇಳಲು ‘ತಿಳಿಸುತ್ತೇವೆ’, ‘ತಿಳಿಸುವೆವು’ ಎಂಬ ರೂಪಗಳಿರುವಂತೆ, ನಡೆದರೂ ನಡೆಯಬಹುದಾದುದನ್ನು ಹೇಳಲು ‘ತಿಳಿಸಿಯೇವು’ ಎಂಬ ಸಂಭಾವನಾರೂಪವನ್ನು ಕನ್ನಡ ಬೇರೆಯಾಗಿಯೇ ಇಟ್ಟುಕೊಂಡಿದೆ. ಸಂದರ್ಶಕರು ನುಡಿಯುವುದು ಮೊದಲನೆಯದನ್ನು, ಮನಸ್ಸಿನಲ್ಲಿರುವುದು ಎರಡನೆಯದು. ಕಾಯುವವನಿಗಂತೂ ಸಂಭಾವನಾರೂಪವೊಂದೇ ಸಮಸ್ತ ಭಾಷೆಯಾಗಿಬಿಡುತ್ತದೆ: ಇಂದು ಕರೆ ಬಂದೀತು, ಬಾರದಿದ್ದರೆ ನಾಳೆ ಬಂದೀತು, ಸ್ನಾನಕ್ಕೆ ಹೋದಾಗ ಬಂದು ತಪ್ಪಿಹೋದೀತು. ಆದ್ದರಿಂದ ಮೊಬೈಲು ಬಚ್ಚಲಮನೆಯ ಗೂಡನ್ನೂ ಸೇರುತ್ತದೆ. ಅಪರಿಚಿತ ಸಂಖ್ಯೆಯೊಂದು ಮಿನುಗಿದೊಡನೆ ಗಂಟಲು ಸರಿಪಡಿಸಿಕೊಂಡು ‘ಹಲೋ’ ಎಂದರೆ, ಆ ಕಡೆಯಿಂದ ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನ ದನಿ.

ಈ ಅವಸ್ಥೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಮತ್ತು ಅವರ ಸಂಗಡಿಗರು, ಕ್ಯಾಲಿಫೋರ್ನಿಯಾದ ವಕೀಲಿ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ನಾಲ್ಕು ತಿಂಗಳು ಕಾಯುತ್ತಿದ್ದ ಪದವೀಧರರನ್ನು ವಿಚಾರಿಸಿ 2016ರಲ್ಲಿ ಪ್ರಕಟಿಸಿದ ಪ್ರಬಂಧದ ಸಾರವೇನೆಂದರೆ, ಮನಸ್ಸನ್ನು ಸಮಾಧಾನಪಡಿಸಲು ಅವರು ಹೂಡಿದ ಉಪಾಯಗಳು ಬಹುಪಾಲು ನಿಷ್ಫಲವಾದವು. ಆದರೆ ಕಾಯುವ ಕಾಲದಲ್ಲಿ ಹೆಚ್ಚು ತಳಮಳಿಸಿದವರು ಕೆಟ್ಟ ಸುದ್ದಿ ಬಂದಾಗ ಹೆಚ್ಚು ಸಮರ್ಥರಾಗಿ ಎದುರಿಸಿದರು, ಒಳ್ಳೆಯ ಸುದ್ದಿ ಬಂದಾಗ ಹೆಚ್ಚು ಹಿಗ್ಗಿದರು. ತಳಮಳಿಸುವವನನ್ನು ಕಂಡು ‘ಯೋಚನೆ ಮಾಡಬೇಡ’ ಎಂದು ಉಪದೇಶಿಸುವ ಬಂಧುಗಳು ಇದನ್ನು ಗಮನಿಸತಕ್ಕದ್ದು. ಕೈಹಿಡಿದ ಕೆಲಸದಲ್ಲಿ ಮೈಮರೆಯುವುದು ಮಾತ್ರ ಕಾಯುವವರಿಗೆ ಸ್ವಲ್ಪ ನೆಮ್ಮದಿ ಕೊಡುತ್ತದೆಂದು ಇದೇ ಬಳಗದ ಮುಂದಿನ ಅಧ್ಯಯನಗಳು ಸೂಚಿಸುತ್ತವೆ.

ಆದರೆ ಕಾಯುವವನಿಗಷ್ಟೇ ಬುದ್ಧಿ ಹೇಳುವುದು ನ್ಯಾಯವಲ್ಲ. 2005ರ ಮಾಹಿತಿ ಹಕ್ಕು ಕಾಯಿದೆ ಸರ್ಕಾರಿ ಕಚೇರಿಗೇ 30 ದಿನಗಳ ಗಡುವು ವಿಧಿಸಿರುವಾಗ, ಒಬ್ಬ ತರುಣನನ್ನು ಊರಿಂದೂರಿಗೆ ಬರಮಾಡಿಕೊಂಡು, ಅವನ ವಿದ್ಯೆಯನ್ನೂ ಊರುಕೇರಿಯನ್ನೂ ಸಂಬಳದ ಅಪೇಕ್ಷೆಯನ್ನೂ ವಿಚಾರಿಸಿಕೊಂಡ ಖಾಸಗಿ ಸಂಸ್ಥೆ ಸ್ವಯಂಪ್ರೇರಣೆಯಿಂದ ಒಂದು ದಿನವನ್ನು ಗೊತ್ತುಮಾಡಿಕೊಳ್ಳಲಾರದೇ? ಆಯ್ಕೆಯಾಗಲಿಲ್ಲವೆಂಬ ಎರಡು ಸಾಲು ಬರೆಯಲು ಖರ್ಚು ತಗಲುವುದಿಲ್ಲ, ಅಂಚೆಚೀಟಿಯೂ ಬೇಡ. ಅಭ್ಯರ್ಥಿಯೂ ಅಷ್ಟೇ, ಕುರ್ಚಿ ಬಿಟ್ಟೇಳುವ ಮುನ್ನ ‘ಯಾವ ದಿನದೊಳಗೆ ತಿಳಿಸುವಿರಿ?’ ಎಂದು ವಿನಯದಿಂದ ಕೇಳಿಬಿಡಲಿ. ಆ ದಿನ ಕಳೆದರೆ ಒಮ್ಮೆ ಕೇಳಿ ಬರೆಯಲಿ. ಅದಕ್ಕೂ ಮೌನವೇ ಉತ್ತರವಾದರೆ ಬೇರೆಡೆಗೆ ಅರ್ಜಿ ಹಾಕಲಿ. ಹುದ್ದೆ ಕೊಡುವುದು ಬಿಡುವುದು ಸಂಸ್ಥೆಯ ಇಚ್ಛೆ. ತಿಳಿಸುತ್ತೇವೆಂದ ಮೇಲೆ ತಿಳಿಸುವುದು ಅದರ ಕರ್ತವ್ಯ.