ರೂಕರಿ ನೂಕ್: ನಗೋರಿಲ್ಲದ ನಗೆನಾಟಕ

ಮಾತಿನ ಸಿನಿಮಾ ಬಂದ ಹೊಸದರಲ್ಲಿ ಬ್ರಿಟನ್ನಿನ ನಿರ್ಮಾಪಕರಿಗೆ ತಲೆನೋವು ಶುರುವಾಯ್ತು. ಪಾತ್ರಗಳ ಬಾಯಲ್ಲಿ ಆಡಿಸೋದಾದರೂ ಏನನ್ನ? ಸಿದ್ಧ ಮಾತು ಲಂಡನ್ನಿನ ನಾಟಕಶಾಲೆಗಳಲ್ಲಿ ಬೇಕಾದಷ್ಟಿತ್ತು. ಹರ್ಬರ್ಟ್ ವಿಲ್ಕಾಕ್ಸ್ ನೇರ ಆಲ್ಡ್ವಿಚ್ ಥಿಯೇಟರಿನ ತಂಡವನ್ನೇ ಕರೆತಂದ. ಹಾಗೆ 1930ರಲ್ಲಿ ತೆರೆಕಂಡದ್ದು 'ರೂಕರಿ ನೂಕ್'. ಬೆನ್ ಟ್ರಾವರ್ಸ್ ಬರೆದ ಈ ನಾಟಕ 1926ರಲ್ಲಿ ಶುರುವಾಗಿ 400ಕ್ಕೂ ಹೆಚ್ಚು ಪ್ರದರ್ಶನ ಕಂಡಿತ್ತು.

ಕಥೆ ಹೇಳ್ತೀನಿ ಕೇಳಿ. ಹೊಸದಾಗಿ ಮದುವೆಯಾದ ಜೆರಾಲ್ಡ್ ಸಮುದ್ರತೀರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾನೆ, ಹೆಂಡತಿ ಇನ್ನೂ ಬಂದಿಲ್ಲ. ರಾತ್ರಿ ಒಬ್ಬ ಹುಡುಗಿ ಪೈಜಾಮದಲ್ಲೇ ಓಡಿಬಂದು ಆಸರೆ ಕೇಳ್ತಾಳೆ. ಮಲತಂದೆ ಹೊರಗೆ ಹಾಕಿದ್ದಾನೆ. ಕಾರಣ? ತಿನ್ನಬಾರದ ಹಣ್ಣು ತಿಂದಳಂತೆ! ಆಮೇಲೆ ಮೂಗು ತೂರಿಸೋ ನಾದಿನಿ, ಅವಳ ಪುಕ್ಕಲು ಗಂಡ, ಕೆಲಸದ ಹೆಂಗಸು ಎಲ್ಲರೂ ಒಬ್ಬರ ಹಿಂದೊಬ್ಬರು ಬಾಗಿಲು ತಟ್ಟೋರೇ :)

ಜೆರಾಲ್ಡ್ ಆಗಿ ರಾಲ್ಫ್ ಲಿನ್, ಆ ಪುಕ್ಕಲು ಗಂಡನಾಗಿ ರಾಬರ್ಟ್ಸನ್ ಹೇರ್. ನಿರ್ದೇಶನ, ಜೊತೆಗೆ ಒಂದು ಮುಖ್ಯ ಪಾತ್ರ ಟಾಮ್ ವಾಲ್ಸ್‌ನದು. (ಈ ಆಸಾಮಿಗೆ ಕುದುರೆ ಹುಚ್ಚೂ ಇತ್ತು. 1932ರ ಡರ್ಬಿ ಗೆದ್ದ 'ಏಪ್ರಿಲ್ ದ ಫಿಫ್ತ್' ಇವನದೇ ಕುದುರೆ, ತರಬೇತಿಯೂ ಇವನದೇ.)

ಸಿನಿಮಾ ಚರಿತ್ರೆ ಬರೆಯೋರು ಇಂಥವನ್ನ 'ಕ್ಯಾಮೆರಾ ಇಟ್ಟು ಹಿಡಿದ ನಾಟಕ' ಅಂತ ತಳ್ಳಿಹಾಕೋದುಂಟು. ನಮ್ಮ ಭಾಷೇಲಿ ಹೇಳೋದಾದ್ರೆ ಹಳೇ ಕೋಡನ್ನ ಒಂದಕ್ಷರ ಬದಲಿಸದೆ ಹೊಸ ಮೆಷಿನ್ನಿಗೆ ಪೋರ್ಟ್ ಮಾಡಿದ ಹಾಗೆ. ಆಗಿನ ಕ್ಯಾಮೆರಾಗಳ ಗರಗರ ಸದ್ದು ಮೈಕಿಗೆ ಬೀಳದಿರಲಿ ಅಂತ ಅವನ್ನ ಮುಚ್ಚಿದ ಪೆಟ್ಟಿಗೆಯೊಳಗೆ ಇಡ್ತಿದ್ರು, ಅಲ್ಲಾಡಿಸೋದೇ ಕಷ್ಟ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ರಂಗದ ಮೇಲೆ ನಟ ನಗು ಏರೋವರೆಗೂ ಕಾದು, ಅದು ಇಳಿಯೋ ಹೊತ್ತಿಗೆ ಮುಂದಿನ ಮಾತು ಎತ್ತುತ್ತಾನೆ. ಸ್ಟುಡಿಯೋದಲ್ಲಿ ನಗೋರೇ ಇಲ್ಲ, ನಕ್ಕರೆ ಅದೂ ರೆಕಾರ್ಡ್ ಆಗುತ್ತೆ!

ಅಷ್ಟಾದರೂ ಚಿತ್ರ ಭರ್ಜರಿಯಾಗಿ ಓಡಿತು. ಬೆನ್ನಿಗೇ 'ಪ್ಲಂಡರ್' (1931), 'ಥಾರ್ಕ್' (1932) ಬಂದವು.

ನಾನಂತೂ ಆ ಬೈಗುಳವನ್ನ ಮೆಚ್ಚುಗೆ ಅಂತಲೇ ಓದ್ಕೋತೀನಿ. ಟ್ರಾವರ್ಸ್‌ನ ನಾಟಕವನ್ನ ಯಾರು ಬೇಕಾದ್ರೂ ಮತ್ತೆ ಆಡಬಹುದು. ಆದರೆ ಅವನು ಯಾರನ್ನ ಮನಸ್ಸಲ್ಲಿಟ್ಟುಕೊಂಡು ಬರೆದನೋ ಆ ಲಿನ್, ಹೇರ್ ಮಾತಿನ ಮಧ್ಯೆ ಎಷ್ಟು ಹೊತ್ತು ತಡೀತಿದ್ರು, ಯಾವ ಪದಕ್ಕೆ ಮುಖ ಹುಳ್ಳಗೆ ಮಾಡ್ತಿದ್ರು ಅನ್ನೋದು ಪುಸ್ತಕದಲ್ಲಿ ಸಿಗಲ್ಲ. ತೆರೆಕಂಡ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದಲ್ಲೂ (1934) ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರಂಥ ಕಂಪನಿ ನಾಟಕದ ಘಟಾನುಘಟಿಗಳೇ ಇದ್ದರು. ಅದರ ಪ್ರಿಂಟ್ ಉಳಿದಿಲ್ಲ. ಕ್ಯಾಮೆರಾ ಅಲ್ಲಾಡದಿದ್ದರೂ ಪರವಾಗಿರಲಿಲ್ಲ, ಒಂದು ರೀಲು ಸಿಕ್ಕಿದ್ದರೆ ಸಾಕಿತ್ತು..