ತಲೆಮರೆಸಿಕೊಂಡ ದರೋಡೆಕೋರರ ಬಗ್ಗೆ ಸಾರ್ವಜನಿಕ ಎಚ್ಚರಿಕೆ

ಸೆರೆಯಿಂದ ತಪ್ಪಿಸಿಕೊಂಡ ಅಥವಾ ಪೊಲೀಸರ ಕೈಗೆ ಸಿಗದೆ ತಲೆಮರೆಸಿಕೊಂಡ ದರೋಡೆಕೋರರ ಗುರುತನ್ನು ಪ್ರಕಟಿಸಿ, ಜನರನ್ನು ಎಚ್ಚರಿಸುವ ಮತ್ತು ಅವರಿಂದ ಸುಳಿವು ಕೋರುವ ಕ್ರಮ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಹಿಂಸೆ ಅಥವಾ ಬೆದರಿಕೆಯಿಂದ ಸೊತ್ತು ಕಸಿಯುವುದು ಸುಲಿಗೆ (ಸೆಕ್ಷನ್ 309). ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿ ಮಾಡಿದರೆ ಅದು ದರೋಡೆ (ಸೆಕ್ಷನ್ 310). ಆಡುಮಾತಿನಲ್ಲಿ ಎರಡಕ್ಕೂ ದರೋಡೆ ಎಂದೇ ಬಳಕೆಯಿದೆ.

ಕೆಜಿಎಫ್ ಮತ್ತು ಬಂಗಾರಪೇಟೆ

ಕೋಲಾರ ಜಿಲ್ಲೆಯ ಗಡಿಭಾಗದಲ್ಲಿ ಈ ಎಚ್ಚರಿಕೆಗೆ ವಿಶೇಷ ಮಹತ್ವವಿದೆ. ಬೆಂಗಳೂರು–ಚೆನ್ನೈ ರೈಲು ಮಾರ್ಗದ ಜಂಕ್ಷನ್ ಆದ ಬಂಗಾರಪೇಟೆಯಿಂದ ಕಾಮಸಮುದ್ರ ದಾಟಿದರೆ ಆಂಧ್ರಪ್ರದೇಶದ ಕುಪ್ಪಂ, ಅಲ್ಲಿಂದ ಮುಂದೆ ತಮಿಳುನಾಡಿನ ಜೋಲಾರಪೇಟೆ. ತಪ್ಪಿಸಿಕೊಂಡವನು ಒಂದೇ ರೈಲಿನಲ್ಲಿ ಕುಳಿತು ಮೂರು ರಾಜ್ಯಗಳ ಪೊಲೀಸ್ ವ್ಯಾಪ್ತಿ ದಾಟಬಲ್ಲ. ಬಂಗಾರಪೇಟೆ–ಮಾರಿಕುಪ್ಪಂ ಕವಲು ಮಾರ್ಗವು ಗಣಿ ಊರಾದ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಅನ್ನು ಮುಖ್ಯ ಮಾರ್ಗಕ್ಕೆ ಜೋಡಿಸುತ್ತದೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೂಲಿ, ನೌಕರಿಗಾಗಿ ಸಾವಿರಾರು ಮಂದಿ ಇದೇ ದಾರಿಯಲ್ಲಿ ದಿನವೂ ಬೆಂಗಳೂರಿಗೆ ಹೋಗಿಬರುತ್ತಾರೆ. ಆ ಜನಸಂದಣಿಯಲ್ಲಿ ಅಪರಿಚಿತನೊಬ್ಬ ಬೆರೆತುಹೋಗುವುದು ಸುಲಭ.

ಕೆಜಿಎಫ್ ಕೋಲಾರ ಕಂದಾಯ ಜಿಲ್ಲೆಗೆ ಸೇರಿದ್ದರೂ ಪ್ರತ್ಯೇಕ ಪೊಲೀಸ್ ಜಿಲ್ಲೆ. ಗಣಿ ಕಾಲದಿಂದ ಬಂದ ಈ ಏರ್ಪಾಡಿನಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಊರಿಗಾಂ, ಬೇತಮಂಗಲ, ಕಾಮಸಮುದ್ರ, ಬಂಗಾರಪೇಟೆ ಠಾಣೆಗಳು ಬರುತ್ತವೆ. ಚಿನ್ನಾಭರಣ ಅಂಗಡಿಗಳ ದರೋಡೆಯಿಂದ ಕುಖ್ಯಾತನಾದ ಕೆಜಿಎಫ್‌ನ ತಂಗಂ 1997ರಲ್ಲಿ ಪೊಲೀಸ್ ಎನ್‌ಕೌಂಟರ್‌ನಲ್ಲಿ ಸತ್ತದ್ದು ಗಡಿಯಾಚೆಯ ಕುಪ್ಪಂನಲ್ಲಿ.

ಪ್ರಕಟಣೆಯ ಸ್ವರೂಪ

ಹಿಂದೆ ಹಳ್ಳಿಗಳಲ್ಲಿ ತಮಟೆ ಬಡಿದು ಡಂಗುರ ಸಾರುತ್ತಿದ್ದರು. ಬಳಿಕ ಠಾಣೆಯ ಫಲಕ, ಪತ್ರಿಕಾ ಪ್ರಕಟಣೆ, ಬಸ್ ಹಾಗೂ ರೈಲು ನಿಲ್ದಾಣಗಳ ಭಿತ್ತಿಪತ್ರ, ಧ್ವನಿವರ್ಧಕ ಕಟ್ಟಿದ ಆಟೊ ಬಂದವು. ಈಗ ವಾಟ್ಸ್‌ಆ್ಯಪ್ ಸೇರಿದೆ. ಪ್ರಕಟಣೆಯಲ್ಲಿ ಭಾವಚಿತ್ರ, ಹೆಸರು, ಅಡ್ಡಹೆಸರು, ವಯಸ್ಸು, ಎತ್ತರ ಇರುತ್ತವೆ. ಜತೆಗೆ ಕೋಲುಮುಖವೋ ದುಂಡುಮುಖವೋ, ಎಣ್ಣೆಗೆಂಪು ಮೈಬಣ್ಣವೋ ಗೋಧಿ ಬಣ್ಣವೋ, ಸಾಧಾರಣ ಮೈಕಟ್ಟೋ ದೃಢಕಾಯವೋ, ಹಳೆಯ ಗಾಯದ ಗುರುತು, ಕೊನೆಗೆ ಕಂಡಾಗ ತೊಟ್ಟಿದ್ದ ಬಟ್ಟೆ, ಬಲ್ಲ ಭಾಷೆಗಳು, ಠಾಣೆಯ ದೂರವಾಣಿ ಸಂಖ್ಯೆ. ಬಟ್ಟೆ, ಗಡ್ಡ ಒಂದೇ ದಿನದಲ್ಲಿ ಬದಲಾಗಬಹುದು. ಗಾಯದ ಗುರುತು, ನಡಿಗೆ, ಮಾತಿನ ಧಾಟಿ ಬದಲಾಗುವುದು ಕಷ್ಟ. ಕನ್ನಡ, ತಮಿಳು, ತೆಲುಗು, ಉರ್ದು ಆಡುವ ಜನರಿರುವ ಕೆಜಿಎಫ್‌ನಲ್ಲಿ ಒಂದೇ ಭಾಷೆಯ ಪ್ರಕಟಣೆ ಅರ್ಧ ಊರನ್ನಷ್ಟೇ ತಲುಪುತ್ತದೆ.

ಕಾನೂನು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 84ರಂತೆ, ವಾರಂಟ್‌ಗೆ ಸಿಗದೆ ತಲೆಮರೆಸಿಕೊಂಡವನು ಹಾಜರಾಗಬೇಕೆಂದು ನ್ಯಾಯಾಲಯ ಉದ್ಘೋಷಣೆ ಹೊರಡಿಸಬಹುದು. ಹಾಜರಾಗಲು ಕನಿಷ್ಠ 30 ದಿನಗಳ ಅವಕಾಶವಿರಬೇಕು. ಉದ್ಘೋಷಣೆಯನ್ನು ಅವನ ಊರಿನ ಎದ್ದುಕಾಣುವ ಸ್ಥಳದಲ್ಲಿ ಓದಿ ಹೇಳಬೇಕು. ಮನೆಗೆ ಅಥವಾ ಊರಿನ ಎದ್ದುಕಾಣುವ ಜಾಗಕ್ಕೆ ಮತ್ತು ನ್ಯಾಯಾಲಯದ ಕಟ್ಟಡಕ್ಕೆ ಅಂಟಿಸಬೇಕು. ಸೆಕ್ಷನ್ 85ರಡಿ ಆಸ್ತಿ ಜಪ್ತಿಗೂ ಅವಕಾಶವಿದೆ. ದರೋಡೆಕೋರ, ಸೆರೆ ತಪ್ಪಿಸಿಕೊಂಡ ಕೈದಿ ಊರಿಗೆ ಬಂದುಹೋದದ್ದು ತಿಳಿದರೆ ವರದಿ ಮಾಡುವುದು ಸೆಕ್ಷನ್ 34ರಂತೆ ಗ್ರಾಮಾಧಿಕಾರಿಗಳ ಕರ್ತವ್ಯ. ದರೋಡೆಕೋರರಿಗೆ ತಿಳಿದೂ ಆಶ್ರಯ ಕೊಟ್ಟವರಿಗೆ ನ್ಯಾಯ ಸಂಹಿತೆಯ ಸೆಕ್ಷನ್ 254ರಡಿ ಏಳು ವರ್ಷಗಳವರೆಗೆ ಕಠಿಣ ಸಜೆ ಆಗಬಹುದು.

ಜೈಶಂಕರ್ ಪ್ರಕರಣ

ಅತ್ಯಾಚಾರ, ಕೊಲೆ, ದರೋಡೆ ಆರೋಪಗಳನ್ನು ಹೊತ್ತಿದ್ದ ಎಂ. ಜೈಶಂಕರ್ ಎರಡು ಬಾರಿ ತಪ್ಪಿಸಿಕೊಂಡದ್ದು ಎಚ್ಚರಿಕೆಯ ಬೆಲೆಯನ್ನು ಮನಗಾಣಿಸುತ್ತದೆ. 2011ರ ಮಾರ್ಚ್‌ನಲ್ಲಿ ತಮಿಳುನಾಡು ಪೊಲೀಸರ ಬೆಂಗಾವಲಿನಿಂದ ಪರಾರಿಯಾದ ಆತ ಕರ್ನಾಟಕಕ್ಕೆ ಬಂದು ಬಳ್ಳಾರಿ ಭಾಗದಲ್ಲಿ ಮತ್ತೆ ಹತ್ಯೆಗಳನ್ನೆಸಗಿದ. ಮೇ ತಿಂಗಳಲ್ಲಿ ಬಿಜಾಪುರ ಜಿಲ್ಲೆಯ ಗ್ರಾಮಸ್ಥರು ಹಿಡಿದು ಪೊಲೀಸರಿಗೆ ಒಪ್ಪಿಸಿದರು. 2013ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಗೋಡೆ ಹಾರಿ ಮತ್ತೆ ಪರಾರಿಯಾದಾಗ, ಪೊಲೀಸರು 5 ಲಕ್ಷ ರೂಪಾಯಿ ಬಹುಮಾನ ಘೋಷಿಸಿ, ಹಲವು ಭಾಷೆಗಳಲ್ಲಿ ಭಿತ್ತಿಪತ್ರ, ಕರಪತ್ರ ಹಂಚಿದರು. ಸೆಪ್ಟೆಂಬರ್ 6ರಂದು ಜೈಲಿಗೆ ಹತ್ತಿರದ ಕೂಡ್ಲು ಗೇಟ್ ಬಳಿ ಸಿಕ್ಕಿಬಿದ್ದ. ಹೆಣ್ಣುಮಕ್ಕಳ ಜೀವ ತೆಗೆಯುವವನು ಹೊರಗಿದ್ದಾನೆಂಬ ಸುದ್ದಿ ಪಕ್ಕದ ರಾಜ್ಯಕ್ಕೂ ಅದೇ ದಿನ ತಲುಪಬೇಕು ಎಂಬುದೇ ಈ ಪ್ರಕರಣದ ದೊಡ್ಡ ಪಾಠ.

ಎಚ್ಚರಿಕೆ ಮತ್ತು ವದಂತಿ

ದಿನಾಂಕ, ಠಾಣೆಯ ಹೆಸರು ಇಲ್ಲದೆ ಹರಿದಾಡುವ ಸಂದೇಶ ಎಚ್ಚರಿಕೆಯಲ್ಲ, ವದಂತಿ. ಮಕ್ಕಳ ಕಳ್ಳರೆಂಬ ವದಂತಿಗೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕ ಯುವಕನೊಬ್ಬ ಬಲಿಯಾದ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40ರಂತೆ ಉದ್ಘೋಷಿತ ಅಪರಾಧಿಯನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಆಯುಧ ಹಿಡಿದವನಿರಬಹುದು ಎಂಬ ಸಂಶಯವಿದ್ದರೆ ಎದುರು ನಿಲ್ಲದೆ, ಕಂಡ ಜಾಗ, ಹೊತ್ತು, ಹೋದ ದಿಕ್ಕು, ವಾಹನದ ಸಂಖ್ಯೆಯನ್ನು ಗಮನಿಸಿ, ಕೂಡಲೇ 112ಕ್ಕೆ ಅಥವಾ ಹತ್ತಿರದ ಠಾಣೆಗೆ ತಿಳಿಸಬೇಕು.