ವಿಷಮದ್ಯಕ್ಕೆ ಮದ್ದಿದೆ, ಹೊತ್ತು ಮೀರಬಾರದು

1981ರ ಜುಲೈನಲ್ಲಿ ಪಕ್ಕದ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಸೇರಿ ಸುಮಾರು 150 ಜನ ಕಳ್ಳಬಟ್ಟಿಗೆ ಬಲಿಯಾದರು. ಎರಡೂ ಸಲ ಕೊಂದದ್ದು ಮೆಥನಾಲ್. ಬಣ್ಣ, ವಾರ್ನಿಷ್ ಕೆಲಸಕ್ಕೆ ಬಳಸುವ ಸ್ಪಿರಿಟ್ ಅದು.

ಇದಕ್ಕೆ ಮದ್ದೇ ಇರಲಿಲ್ಲವೇ? ಇತ್ತು. ನಾರ್ವೆಯ ವೈದ್ಯ ಓಲುಫ್ ರೋ 1940ರ ದಶಕದಲ್ಲೇ ಒಂದು ವಿಷಯ ಗಮನಿಸಿದ್ದರು: ಮೆಥನಾಲ್ ಜೊತೆಗೆ ಮಾಮೂಲಿ ಮದ್ಯವನ್ನೂ ಕುಡಿದಿದ್ದವರಿಗೆ ವಿಷ ಏರುವುದು ತಡವಾಗುತ್ತಿತ್ತು.

ಕಾರಣ ನಮ್ಮ ಯಕೃತ್ತಿನಲ್ಲಿದೆ. ಅದನ್ನು ಊರಿನ ಹಿಟ್ಟಿನ ಗಿರಣಿ ಅಂದುಕೊಳ್ಳಿ. ಮೆಥನಾಲ್ ಅಲ್ಲಿ ಅರೆದು ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣು ಕಳೆಯುವುದು, ಜೀವ ತೆಗೆಯುವುದು ಆ ಆಮ್ಲವೇ. ಮಾಮೂಲಿ ಮದ್ಯ, ಅಂದರೆ ಎಥನಾಲ್ ಬಂದರೆ ಗಿರಣಿ ಮೊದಲು ಅದನ್ನೇ ಅರೆಯುತ್ತದೆ. ಅಷ್ಟರಲ್ಲಿ ಮೆಥನಾಲನ್ನು ಡಯಾಲಿಸಿಸ್‌ನಿಂದ ಹೊರತೆಗೆಯಬಹುದು. ಗಿರಣಿಯನ್ನೇ ನಿಲ್ಲಿಸುವ ಫೋಮೆಪಿಜೋಲ್ ಎಂಬ ಔಷಧಿಯೂ ಬಂದಿದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೆ ಬೆಲೆ ಜಾಸ್ತಿ.

ಹಾಗಂತ ಮನೆಯಲ್ಲೇ ಇನ್ನೊಂದು ಕ್ವಾರ್ಟರ್ ಕುಡಿಸಬೇಡಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುತ್ತಾ, ಅಳತೆ ಮಾಡಿ ಕೊಡುತ್ತಾರೆ. ಆಮ್ಲ ಇಳಿಸಲು ಬೈಕಾರ್ಬನೇಟ್ ಕೂಡ ಹಾಕುತ್ತಾರೆ.

ಈ ಮದ್ದಿಗೆ ಒಂದೇ ಷರತ್ತು: ಮೆಥನಾಲ್ ಆಮ್ಲವಾಗುವ ಮೊದಲೇ ಸಿಗಬೇಕು. ಆದರೆ ಕುಡಿದ 12ರಿಂದ 24 ಗಂಟೆವರೆಗೆ ಬರೀ ಅಮಲಿನಂತೆ ಕಾಣಬಹುದು. ಮನೆಯವರು 'ಮಲಗಲಿ, ಇಳಿಯುತ್ತೆ' ಅನ್ನುತ್ತಾರೆ. ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಮಂಜು ಮುಸುಕಿದಂಥ ಕಣ್ಣು. ಅಷ್ಟಾದರೂ ಪೊಲೀಸ್ ಕೇಸಾದೀತು, ಮರ್ಯಾದೆ ಹೋದೀತು ಎಂದು ಸುಮ್ಮನಿರುವವರಿದ್ದಾರೆ.

2008ರ ಮೇ ತಿಂಗಳಲ್ಲಿ ನಮ್ಮಲ್ಲಿ 108 ಆಂಬುಲೆನ್ಸ್ ಇರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಅದು ಶುರುವಾಯಿತು. ಗುಬ್ಬಿಯಿಂದ ತುಮಕೂರು ಜಿಲ್ಲಾಸ್ಪತ್ರೆಗೆ ಸುಮಾರು 20 ಕಿಲೋಮೀಟರ್, ಕುಣಿಗಲ್‌ನಿಂದ 35ರ ಆಸುಪಾಸು. ಇವತ್ತು ತಡವಾಗುವುದು ದಾರಿಯಲ್ಲಲ್ಲ, ಮನೆಯಲ್ಲಿ.

ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ. ಏನು ಕುಡಿದರು, ಎಷ್ಟು ಹೊತ್ತಾಯಿತು ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬಾಟಲಿ ಉಳಿದಿದ್ದರೆ ತೆಗೆದುಕೊಂಡು ಹೋಗಿ. ಜೊತೆಗೆ ಕುಡಿದವರು ಚೆನ್ನಾಗಿದ್ದಂತೆ ಕಂಡರೂ ಅವರನ್ನೂ ಕರೆದುಕೊಂಡು ಹೋಗಿ.